ಬೀಗ ಹಾಕಿದ ಪ್ರಯೋಗಾಲಯ

ಅಂಗಿಯ ಮೇಲಿನ ಅರಿಶಿಣದ ಕಲೆಗೆ ಸಾಬೂನು ತಾಗಿದೊಡನೆ ಅದು ಕೆಂಪಾಗುತ್ತದೆ. ಲಿಂಬೆರಸ ಹಿಂಡಿದರೆ ಮರಳಿ ಹಳದಿಯಾಗುತ್ತದೆ. ಮನೆಮನೆಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಣುವ ಈ ಸಂಗತಿಯೇ ಆಮ್ಲ-ಪ್ರತ್ಯಾಮ್ಲಗಳ ಮೊದಲ ಪಾಠ. ಆದರೆ ಏಳನೆಯ ತರಗತಿಯ ನಮ್ಮ ಮಗು ಅದನ್ನು ಕಲಿಯುವುದೆಲ್ಲಿ? ಗೈಡಿನ ಪ್ರಶ್ನೋತ್ತರಗಳಲ್ಲಿ!

ರಾಸಾಯನಿಕ ಕ್ರಿಯೆಯಲ್ಲಿ ದ್ರವ್ಯವು ಸೃಷ್ಟಿಯಾಗುವುದೂ ಇಲ್ಲ, ನಾಶವಾಗುವುದೂ ಇಲ್ಲ ಎಂದು ಬಾಯಿಪಾಠ ಒಪ್ಪಿಸಿದವರಿಗೆ ಪೂರ್ಣ ಅಂಕ. ಅದೇ ಮಗುವಿನೆದುರು ಲೋಟದ ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ತೂಗಿರಿ. ನೊರೆಯುಕ್ಕಿ ಅಡಗುವಷ್ಟರಲ್ಲಿ ತೂಕ ಕಡಿಮೆಯಾಗಿರುತ್ತದೆ. ಹಾಗಾದರೆ ನಿಯಮವೇ ಸುಳ್ಳೇ? ಇನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯೊಳಗೆ ಸ್ವಲ್ಪ ವಿನೆಗರನ್ನೂ ಚಿಟಿಕೆ ಸೋಡಾವನ್ನೂ ಬೇರೆಬೇರೆಯಾಗಿರಿಸಿ, ಮುಚ್ಚಳ ಬಿಗಿದು ತೂಗಿರಿ. ಅಲುಗಿಸಿ ಬೆರೆಸಿದ ಬಳಿಕವೂ ತೂಕ ಅಷ್ಟೇ ಇರುತ್ತದೆ. ಲೋಟದಿಂದ ತಪ್ಪಿಸಿಕೊಂಡದ್ದು ಇಂಗಾಲದ ಡೈ ಆಕ್ಸೈಡ್. ಅನಿಲವೂ ದ್ರವ್ಯವೇ, ಅದಕ್ಕೂ ತೂಕವಿದೆ ಎಂಬುದನ್ನು ಆ ಮಗು ಇನ್ನೆಂದೂ ಮರೆಯಲಾರದು.

ಇದಕ್ಕೆಲ್ಲ ಹಣವೆಲ್ಲಿದೆ ಎಂಬುದು ಬರಿಯ ನೆಪ. ಮಧ್ಯಪ್ರದೇಶದ ಅಂದಿನ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು ಪ್ರಯೋಗಾಧಾರಿತ ವಿಜ್ಞಾನ ಬೋಧನೆಯನ್ನು ಆರಂಭಿಸಿದವು. ಆರರಿಂದ ಎಂಟನೆಯ ತರಗತಿಯ ಮಕ್ಕಳು ಗುಂಪುಗೂಡಿ ಪ್ರಯೋಗ ನಡೆಸಿ, ಕಂಡದ್ದನ್ನು ತಾವೇ ಬರೆದಿಟ್ಟರು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡುವ ಅವಕಾಶವಿತ್ತು. ಏಕೆಂದರೆ ಅಲ್ಲಿ ಅಳೆಯುತ್ತಿದ್ದುದು ನೆನಪನ್ನಲ್ಲ, ವಿವೇಚನೆಯನ್ನು. ಮೂರು ದಶಕ ನಡೆದ ಈ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರಕಾರವೇ ನಿಲ್ಲಿಸಿತು. ಪ್ರಶ್ನಿಸುವ ಮಗುವಿಗಿಂತ ಒಪ್ಪಿಸುವ ಮಗುವೇ ನಮ್ಮ ವ್ಯವಸ್ಥೆಗೆ ಪ್ರಿಯವೇ?

ಆದರೆ ಸರಕಾರವನ್ನು ದೂರಿ ಕೈತೊಳೆದುಕೊಳ್ಳುವ ಹಕ್ಕು ನಮಗಿದೆಯೇ? ಸಮುದಾಯದ ಹಣದಿಂದ ಶಾಲೆ ಕಟ್ಟುವಾಗ ಕಮಾನು, ಅಮೃತಶಿಲೆಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಾವು, ಒಂದು ತಕ್ಕಡಿ, ಹತ್ತು ಪರೀಕ್ಷಾ ನಳಿಕೆಗಳ ಬಗ್ಗೆ ಎಷ್ಟು ಹೊತ್ತು ಚರ್ಚಿಸಿದ್ದೇವೆ? ತಪಾಸಣೆಯ ದಿನ ಮಾತ್ರ ಬೀಗ ತೆರೆಯುವ ಪ್ರಯೋಗಾಲಯಕ್ಕೂ ಶುಲ್ಕ ತೆತ್ತು, ಮಗಳು ಡಾಕ್ಟರಾಗಲಿ, ಮಗ ಇಂಜಿನಿಯರಾಗಲಿ ಎಂದು ಕನಸು ಕಾಣುತ್ತೇವೆ. ಕೈಯಿಂದ ಮುಟ್ಟದ ವಿಜ್ಞಾನ ತಲೆಯಲ್ಲಿ ನಿಲ್ಲುವುದಾದರೂ ಹೇಗೆ?

ಮುಂದಿನ ಪಾಲಕರ ಸಭೆಯಲ್ಲಿ ಅಂಕಪಟ್ಟಿಯನ್ನು ಬದಿಗಿರಿಸಿ ಒಂದೇ ಪ್ರಶ್ನೆ ಕೇಳೋಣ: ಈ ತಿಂಗಳು ನಮ್ಮ ಮಗು ತನ್ನ ಕೈಯಾರೆ ಮಾಡಿದ ಪ್ರಯೋಗ ಯಾವುದು? ಉತ್ತರ ಬಾರದಿದ್ದರೆ ಬೀಗದ ಕೈಯನ್ನು ಕೇಳಿ ಪಡೆಯುವ ಹೊಣೆ ನಮ್ಮದೇ.