ನೀರು ಬಿಡುವ ಸಭೆಯಲ್ಲಿ ಬಸಿಗಾಲುವೆಯ ಮಾತೂ ಬರಲಿ

ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ



ಭದ್ರಾ ಜಲಾಶಯ 186 ಅಡಿ ಮುಟ್ಟಿತೇ? ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಂಥ ಊರುಗಳಲ್ಲಿ ಮಳೆಗಾಲದ ದೊಡ್ಡ ಪ್ರಶ್ನೆ ಇದೇ. ನಾಲೆ ನೀರು ಕೊನೆ ಭಾಗಕ್ಕೆ ಬರುತ್ತದೋ ಇಲ್ಲವೋ ಎಂದು ಸಭೆ, ಧರಣಿ ಎಲ್ಲ ಆಗುತ್ತವೆ. ಬಂದ ನೀರು ಗದ್ದೆಯಿಂದ ಏನನ್ನು ಹೊತ್ತು ಎಲ್ಲಿಗೆ ಇಳಿಯುತ್ತದೆ ಎಂದು ಕೇಳುವವರು ಮಾತ್ರ ಕಡಿಮೆ.

ಭತ್ತದ ಗದ್ದೆಯಲ್ಲಿ ನೀರು ನಿಂತಿರುವವರೆಗೆ ಕೆಸರಿಗೆ ಗಾಳಿಯಾಡುವುದಿಲ್ಲ. ಅಲ್ಲಿ ಗೊಬ್ಬರದಿಂದಾಗುವ ನೈಟ್ರೇಟ್ ಬಹುಪಾಲು ಅನಿಲವಾಗಿ ಹಾರಿಹೋಗುತ್ತದೆ. ನೀರು ಬಸಿದು ನೆಲ ಬಿರುಕುಬಿಟ್ಟಾಗಲೇ ತೊಂದರೆ: ಯೂರಿಯಾದಿಂದ ಉಳಿದ ಸಾರಜನಕ ನೈಟ್ರೇಟ್ ಆಗುತ್ತದೆ, ಮತ್ತೆ ಕಟ್ಟಿದ ನೀರು ಅದನ್ನು ಕೆಳಕ್ಕಿಳಿಸುತ್ತದೆ. ಈಗಂತೂ ಗದ್ದೆಗಳೇ ಅಡಿಕೆ ತೋಟಗಳಾಗುತ್ತಿವೆ. ತೋಟಕ್ಕೆ ಬಸಿಗಾಲುವೆ ತೋಡದಿದ್ದರೆ ಬೇರು ಕೊಳೆಯುತ್ತದೆ; ತೋಡಿದರೆ, ಗಾಳಿಯಾಡುವ ಆ ಮಣ್ಣಿನಲ್ಲಿ ನೈಟ್ರೇಟ್ ಇಳಿಯುವುದು ಇನ್ನೂ ಸಲೀಸು. ಹಾಗೆಂದು ಬಸಿಗಾಲುವೆ ಮುಚ್ಚುವಂತಿಲ್ಲ, ನೆಲ ಸವಳು-ಜವಳಾಗುತ್ತದೆ.

ಒಂದು ಲೆಕ್ಕ ನೋಡಿ. 45 ಕೆ.ಜಿ. ಯೂರಿಯಾ ಚೀಲದಲ್ಲಿ ಸುಮಾರು 20 ಕೆ.ಜಿ. ಸಾರಜನಕವಿದೆ. ಅದಷ್ಟೂ ನೈಟ್ರೇಟ್ ಆಗಿ ನೀರು ಸೇರಿದರೆ, ಕುಡಿಯುವ ನೀರಿಗಿರುವ ಲೀಟರಿಗೆ 45 ಮಿಲಿಗ್ರಾಂ ಮಿತಿಗೆ ಸುಮಾರು 20 ಲಕ್ಷ ಲೀಟರ್ ನೀರನ್ನು ತಂದು ನಿಲ್ಲಿಸಬಲ್ಲದು. ಬೆಳೆ ತನ್ನ ಪಾಲು ತಿನ್ನುತ್ತದೆ, ಗಾಳಿಗೂ ಒಂದಿಷ್ಟು ಹೋಗುತ್ತದೆ, ಒಪ್ಪಿದೆ. ಆದರೆ ನಾವು ಎರಚುವುದು ಒಂದೇ ಚೀಲವಲ್ಲವಲ್ಲ!

ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಅದು ಹೆಚ್ಚಿರುವ ಬೋರಿನ ನೀರಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಹಸುಗೂಸಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟಬಹುದು. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತ ದಿನ ತಾಯಂದಿರು ಕೊಡ ಹಿಡಿದು ಹೋಗುವುದು ಆ ಬೋರಿಗೇ.

ಆದ್ದರಿಂದ ನಾಲೆ ನೀರು ಬಿಡುವ ಮೊದಲೊಮ್ಮೆ, ಕೊಯ್ಲಿನ ನಂತರ ಇನ್ನೊಮ್ಮೆ ಅಚ್ಚುಕಟ್ಟಿನ ಕುಡಿಯುವ ನೀರಿನ ಬೋರುಗಳನ್ನು ಪರೀಕ್ಷಿಸಿ. ಹೂಳು, ಜಂಡು ತುಂಬಿದ ಬಸಿಗಾಲುವೆಗಳನ್ನು ನಾಟಿಗೆ ಮುಂಚೆಯೇ ಸ್ವಚ್ಛ ಮಾಡಿಸಿ. ಮೊದಲು ನೀರು ಬಸಿದು, ಆಮೇಲೆ ಮೇಲುಗೊಬ್ಬರ ಹಾಕಿ, ಒಂದೆರಡು ದಿನ ಬಿಟ್ಟು ನೀರು ಕಟ್ಟುವ ಪದ್ಧತಿಯನ್ನು ರೈತ ಸಂಪರ್ಕ ಕೇಂದ್ರದವರು ಗದ್ದೆಗೇ ಬಂದು ತೋರಿಸಲಿ. ಗೊಬ್ಬರ ಎರಚಿದ ಮೇಲೆ ಗದ್ದೆಯ ನೀರು ಹೊರಬಿಟ್ಟರೆ ನಮ್ಮ ದುಡ್ಡೇ ಹಳ್ಳ ಹಿಡಿದು ತುಂಗಭದ್ರೆ ಸೇರುತ್ತದೆ.

ಮುಂದಿನ ಸಲ ನಾಲೆಗೆ ನೀರು ಬಿಡುವ ದಿನಾಂಕದ ಜೊತೆಗೆ ನಮ್ಮ ಬೋರುಗಳ ನೈಟ್ರೇಟ್ ವರದಿಯನ್ನೂ ಗ್ರಾಮ ಪಂಚಾಯಿತಿ ಫಲಕದಲ್ಲಿ ಹಾಕಿಸಿ.

ಇತಿ,
ಹರಿಹರ ತಾಲ್ಲೂಕಿನ ಒಬ್ಬ ಭತ್ತದ ಬೆಳೆಗಾರ