ಹಳೆಯ ‘ಮಾತಿನ ಪೆಟ್ಟಿಗೆ’ಗೆ ಅಡಾಪ್ಟರ್ ಹಾಕಿದರೆ ಕನ್ನಡ ಓದುತ್ತದೆಯೇ?

ಕಣ್ಣು ಕಾಣದವರು ಕಂಪ್ಯೂಟರ್ ಬಳಸಲು ಸ್ಕ್ರೀನ್ ರೀಡರ್ ಬೇಕು. ಪರದೆಯ ಮೇಲೆ ಏನಿದೆ ಎಂದು ಗುರುತಿಸುವುದು ಅದರ ಕೆಲಸ. ಅದಕ್ಕೆ ದನಿ ಕೊಡುವುದು ಸ್ಪೀಚ್ ಸಿಂಥಸೈಜರ್. ಈಗ ಎರಡೂ ತಂತ್ರಾಂಶಗಳೇ. 1980–90ರ ದಶಕಗಳಲ್ಲಿ ಮಾತ್ರ ಸಿಂಥಸೈಜರ್ ಎಂದರೆ ಹೊರಗಿಡುವ ಪೆಟ್ಟಿಗೆ ಅಥವಾ ಒಳಗೆ ಸಿಕ್ಕಿಸುವ ಕಾರ್ಡ್. ಡೆಕ್‌ಟಾಕ್, ಡಬಲ್‌ಟಾಕ್, ಅಪೋಲೊ ಅಂಥವು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂಥ ಊರಿನ ವಿದ್ಯಾರ್ಥಿಗೆ ಯಾರಾದರೂ ಅಂಥದ್ದೊಂದನ್ನು ದಾನ ಕೊಟ್ಟರೆ, ಒಂದು ಯುಎಸ್‌ಬಿ ಅಡಾಪ್ಟರ್ ಹಾಕಿದರೆ ಸಾಕೇ? ಸಾಲದು. ಏಕೆಂದು ನೋಡೋಣ.

ತೊಡಕು 1: ಕೊಂಡಿ
ಹಳೆಯ ಪೆಟ್ಟಿಗೆಗಳು ಹೆಚ್ಚಾಗಿ ಸೀರಿಯಲ್ ಪೋರ್ಟ್‌ಗೆ ಸೇರುವಂಥವು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದಿಲ್ಲ. ಈ ತೊಡಕನ್ನು ಅಡಾಪ್ಟರ್ ನೀಗಿಸಬಲ್ಲದು. ಆದರೆ ಕಾರ್ಡ್ ಮಾದರಿಯದಾದರೆ, ಅದನ್ನು ಸಿಕ್ಕಿಸುವ ಜಾಗವೇ ಈಗಿನ ಕಂಪ್ಯೂಟರ್‌ಗಳಲ್ಲಿಲ್ಲ.

ತೊಡಕು 2: ಡ್ರೈವರ್
ತಂತಿ ಸೇರಿದ ಮಾತ್ರಕ್ಕೆ ಮಾತು ಬರದು. ಆ ಪೆಟ್ಟಿಗೆಗೆ ಅರ್ಥವಾಗುವ ಆದೇಶಗಳನ್ನು ಕಳಿಸಲು ಡ್ರೈವರ್ ಬೇಕು. ವಿಂಡೋಸ್‌ನ ಈಗಿನ ಸ್ಕ್ರೀನ್ ರೀಡರ್‌ಗಳು ತಂತ್ರಾಂಶದ ದನಿಯನ್ನೇ ನಂಬಿವೆ. ಲಿನಕ್ಸ್‌ನ ‘ಸ್ಪೀಕಪ್’ನಲ್ಲಿ ಇಂಥ ಹಲವು ಹಳೆ ಸಾಧನಗಳಿಗೆ ಡ್ರೈವರ್ ಇಂದಿಗೂ ಉಂಟು. ಮೊದಲು ಅದು ಪೋರ್ಟ್ ಜೊತೆ ನೇರವಾಗಿ ವ್ಯವಹರಿಸುತ್ತಿದ್ದ ಕಾರಣ ಯುಎಸ್‌ಬಿ ಅಡಾಪ್ಟರ್ ಕೆಲಸ ಮಾಡುತ್ತಿರಲಿಲ್ಲ. ಅದನ್ನು ಆಮೇಲೆ ಸರಿಪಡಿಸಲಾಯಿತು.

ತೊಡಕು 3: ಭಾಷೆ
ದೊಡ್ಡ ತೊಡಕು ಇದೇ. ಅಕ್ಷರವನ್ನು ಹೇಗೆ ಉಚ್ಚರಿಸಬೇಕೆಂಬ ನಿಯಮಗಳು ಪೆಟ್ಟಿಗೆಯ ಚಿಪ್‌ನೊಳಗೇ ಇರುತ್ತವೆ. ಇವು ಇಂಗ್ಲಿಷ್‌ನಂಥ ಕೆಲವೇ ಭಾಷೆಗಳಿಗೆ ಮಾಡಿದವು. ಯುನಿಕೋಡ್ ಕನ್ನಡವನ್ನು ಕಳಿಸಿದರೆ ಅವುಗಳ ಪಾಲಿಗೆ ಅದು ಅಕ್ಷರವೇ ಅಲ್ಲ.

ಹಾಗಾದರೆ ಏನು ಮಾಡಬೇಕು?
ಇಂಗ್ಲಿಷ್ ಕೆಲಸಕ್ಕೆ, ಲಿನಕ್ಸ್ ಬಲ್ಲವರ ಕೈಯಲ್ಲಿ, ಹಳೆ ಪೆಟ್ಟಿಗೆಗೆ ಇನ್ನೂ ಬೆಲೆಯಿದೆ. ಕನ್ನಡಕ್ಕಾದರೆ ಹಣ ಸುರಿಯುವುದು ಬೇಡ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದ ಎನ್‌ವಿಡಿಎ ಉಚಿತ. ಅದರೊಂದಿಗೇ ಬರುವ ಇ-ಸ್ಪೀಕ್ ಕನ್ನಡವನ್ನೂ ತೆಲುಗನ್ನೂ ಓದುತ್ತದೆ. ದನಿ ಒರಟು, ಆದರೆ ವೇಗ ಹೆಚ್ಚಿಸಿದರೂ ಸ್ಪಷ್ಟ. ಆಂಡ್ರಾಯ್ಡ್ ಫೋನ್‌ನಲ್ಲಿ ಟಾಕ್‌ಬ್ಯಾಕ್ ಇದೆ. ಗೂಗಲ್‌ನ ಕನ್ನಡ, ತೆಲುಗು ದನಿಗಳೂ ಸಿಗುತ್ತವೆ. ಎರಡೂ ಭಾಷೆ ಆಡುವ ಕೋಲಾರದ ಮನೆಗಳಿಗೆ ಇದು ಅನುಕೂಲ.

ಇನ್ನೊಂದು ಮಾತು. ನುಡಿಯ ಹಳೆ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ ಕಡತ ಕಣ್ಣಿಗೆ ಕನ್ನಡ. ಸ್ಕ್ರೀನ್ ರೀಡರ್‌ಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಯುನಿಕೋಡ್‌ಗೆ ಬದಲಿಸದೆ ಯಾವ ಯಂತ್ರವೂ ಅದನ್ನು ಸರಿಯಾಗಿ ಓದದು. ಫೋಟೋ ಆಗಿ ಹರಿದಾಡುವ ಸುತ್ತೋಲೆ, ಪರೀಕ್ಷಾ ವೇಳಾಪಟ್ಟಿಗಳ ಪಾಡೂ ಹೆಚ್ಚುಕಡಿಮೆ ಹಾಗೇ. ಚಿತ್ರದಿಂದ ಅಕ್ಷರ ಹೆಕ್ಕುವ ಸೌಲಭ್ಯವನ್ನು ಬೇರೆಯಾಗಿ ಬಳಸಬೇಕು, ಅದೂ ಎಷ್ಟೋ ಸಲ ತಪ್ಪುತ್ತದೆ. ಹಾಗಾಗಿ ಮುಂದಿನ ಸಲ ಫಾರ್ವರ್ಡ್ ಮಾಡುವಾಗ ಚಿತ್ರದ ಕೆಳಗೆ ನಾಲ್ಕು ಸಾಲು ಟೈಪ್ ಮಾಡಿ ಹಾಕೋಣ. ಕಾಣದವರಿಗೂ ಕೊನೆಯ ದಿನಾಂಕ ಸಮಯಕ್ಕೆ ತಿಳಿಯುತ್ತದೆ.