ನೀರಿನೊಳಗಣ ಚಿತ್ರ: ಯಾವ ಮಸೂರ, ಎಷ್ಟು ಸಾಲ?

ಕಳೆದ ತಿಂಗಳು ಒಂದು ಸಂಜೆ ನ್ಯಾಯಾಲಯದ ಕೆಲಸ ಮುಗಿಸಿ ಕಚೇರಿಯಲ್ಲಿ ಕುಳಿತಿದ್ದೆನು. ಅಗಳಿ ಕಡೆಯ ತರುಣನೊಬ್ಬನು ತನ್ನ ತಾಯಿಯೊಡನೆ ಬಂದನು. ಮದುವೆ, ಗೃಹಪ್ರವೇಶಗಳ ಛಾಯಾಚಿತ್ರ ತೆಗೆಯುವುದು ಅವನ ವೃತ್ತಿ. ಮೇಜಿನ ಮೇಲೆ ಎರಡು ಕಾಗದಗಳನ್ನಿಟ್ಟನು. ಒಂದು, ಚಿನ್ನದ ಮೇಲಿನ ಸಾಲದ ಅರ್ಜಿ. ಇನ್ನೊಂದು, ಆ ಹಣದಿಂದ ಕೊಳ್ಳಬೇಕೆಂದಿರುವ ಸಾಮಗ್ರಿಗಳ ಪಟ್ಟಿ. "ಸಹಿ ಹಾಕುವ ಮೊದಲು ವಕೀಲರಿಗೊಮ್ಮೆ ತೋರಿಸಲೇಬೇಕೆಂದು ಅಮ್ಮ ಹಠ ಹಿಡಿದಿದ್ದಾರೆ ಸಾರ್" ಎಂದನು. ಆ ತಾಯಿ ಏನೂ ಮಾತನಾಡಲಿಲ್ಲ. ಕೊರಳಿನ ಕಾಸಿನ ಸರವನ್ನು ಸೆರಗಿನಿಂದ ಮುಚ್ಚಿಕೊಂಡು ಕುಳಿತಿದ್ದರು.

ಪಟ್ಟಿಯನ್ನು ಓದಿ ಆಶ್ಚರ್ಯವಾಯಿತು. ಫುಲ್ ಫ್ರೇಮ್ ಕ್ಯಾಮೆರಾ. 16ರಿಂದ 35 ಮಿಲಿಮೀಟರಿನ ವೈಡ್ ಆಂಗಲ್ ಮಸೂರ. ಇವೆರಡನ್ನೂ ನೀರಿನೊಳಗೆ ಒಯ್ಯಲು ಅಲ್ಯೂಮಿನಿಯಮ್ಮಿನ ಹೌಸಿಂಗ್, ಅಂದರೆ ನೀರು ಹೋಗದ ಕವಚ. ಕವಚದ ಮುಂಭಾಗಕ್ಕೆ ಚಪ್ಪಟೆ ಗಾಜು. ಯಾವ ದಿಕ್ಕಿಗೆ ಹೊರಟರೂ ಕಡಲು ನೂರಾರು ಕಿಲೋಮೀಟರು ದೂರವಿರುವ ನಮ್ಮ ಮಡಕಶಿರ ಸೀಮೆಯವನಿಗೆ ಈ ಆಸೆ ಹೇಗೆ ಹುಟ್ಟಿತೆಂದು ಕೇಳಿದೆನು. 2022ರ ಅಕ್ಟೋಬರಿನಲ್ಲಿ ತೆರೆಕಂಡ ‘ಗಂಧದ ಗುಡಿ’ಯನ್ನು ನೋಡಿದಂದಿನಿಂದ ಎಂದನು. ಅಮೋಘವರ್ಷ ಅವರು ನಿರ್ದೇಶಿಸಿದ ಆ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಅವರು ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಕಡಲಿಗಿಳಿಯುವ ದೃಶ್ಯಗಳಿವೆ. ಇದಲ್ಲದೆ, ಮದುವೆಗೆ ಮುಂಚಿನ ಚಿತ್ರಗಳನ್ನು ಈಜುಕೊಳದ ನೀರಿನೊಳಗೆ ತೆಗೆಸಿಕೊಳ್ಳುವ ಜೋಡಿಗಳೂ ನಗರಗಳಲ್ಲಿದ್ದಾರೆ. ಆಸೆಗೆ ಸಂಪಾದನೆಯ ದಾರಿಯೂ ಜೊತೆಗೂಡಿತ್ತು.

ಸಾಲದ ಕಾಗದದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಪಟ್ಟಿಯಲ್ಲಿ. ಈ ವಿಷಯದಲ್ಲಿ ಮಾತನಾಡಲು ವಕೀಲನಿಗೆ ಏನು ಅಧಿಕಾರವೆಂದು ವಾಚಕರು ಕೇಳಬಹುದು. ನಾನು ಈ ಪಾಠವನ್ನು ದಂಡ ತೆತ್ತು ಕಲಿತವನು; ಆ ಕಥೆ ಮುಂದೆ ಬರುತ್ತದೆ. ತಾಯಿ ಮಗನ ಒಪ್ಪಿಗೆ ಪಡೆದು, ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂತಹ ಆಸೆಯುಳ್ಳ ತರುಣರು ಇನ್ನೂ ಕೆಲವರು ನಮ್ಮಲ್ಲಿ ಇದ್ದಾರು.

ನಮ್ಮಲ್ಲಿ ಅನೇಕರು ಬೆನ್ನಿಗೆ ಬೆಂಡು ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತವರು. ತಿಳಿನೀರಿಗೆ ಎಸೆದ ನಾಣ್ಯ ಕೈಗೆಟಕುವಷ್ಟು ಹತ್ತಿರದಲ್ಲಿ ಕಂಡು, ಮುಳುಗಿದಾಗ ಇನ್ನೂ ಆಳದಲ್ಲಿ ಸಿಕ್ಕಿದ್ದು ನೆನಪಿರಬಹುದು. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದೇ ಇದಕ್ಕೆ ಕಾರಣ. ನಾಲ್ಕು ಅಡಿ ಆಳದ ವಸ್ತು ಮೂರು ಅಡಿಯಲ್ಲಿರುವಂತೆ ತೋರುತ್ತದೆ. ಕವಚದ ಒಳಗಿರುವುದು ಗಾಳಿ, ಹೊರಗಿರುವುದು ನೀರು. ನಡುವೆ ಚಪ್ಪಟೆ ಗಾಜಿಟ್ಟರೆ ಕ್ಯಾಮೆರಾಕ್ಕೂ ಇದೇ ಮೋಸವಾಗುತ್ತದೆ. ಎಲ್ಲವೂ ಹತ್ತಿರವಾಗಿ, ದೊಡ್ಡದಾಗಿ ಕಾಣುತ್ತದೆ. ಅಂದರೆ ನೋಟದ ಅಗಲ ಕುಗ್ಗುತ್ತದೆ. 16 ಮಿಲಿಮೀಟರಿನ ಮಸೂರವು ನೆಲದ ಮೇಲೆ ಮೂಲೆಯಿಂದ ಮೂಲೆಗೆ 107 ಡಿಗ್ರಿ ಕಾಣುವಂಥದು. ಚಪ್ಪಟೆ ಗಾಜಿನ ಹಿಂದೆ ಅದಕ್ಕೆ ಉಳಿಯುವುದು ಸುಮಾರು 74 ಡಿಗ್ರಿ. ಎಷ್ಟೇ ಅಗಲದ ಮಸೂರ ತಂದರೂ ಚಪ್ಪಟೆ ಗಾಜಿನ ಮೂಲಕ 97 ಡಿಗ್ರಿಯನ್ನು ದಾಟಲಾಗದು. ಅಂಚುಗಳಲ್ಲಿ ಬಣ್ಣಗಳು ಒಡೆದು ಚಿತ್ರ ಕದಡುವುದು ಇದರ ಮೇಲಿನ ಕೇಡು. ಆ ಪಟ್ಟಿಯಲ್ಲಿ ದುಬಾರಿ ಮಸೂರವನ್ನು ಕೊಳ್ಳುವುದೂ ಇತ್ತು, ಅದರ ಅಗಲವನ್ನು ಕಳೆಯುವುದೂ ಇತ್ತು. ಕ್ರಯಪತ್ರದಲ್ಲಿ ಹೊಲವನ್ನು ಬರೆಯಿಸಿಕೊಂಡು ದಾರಿಯ ಹಕ್ಕನ್ನು ಬಿಟ್ಟಂತೆ!

ಇದಕ್ಕೆ ಪರಿಹಾರ ಡೋಮ್, ಎಂದರೆ ಗುಮ್ಮಟದಂತೆ ಉಬ್ಬಿದ ಗಾಜು. ಬೆಳಕು ಅದನ್ನು ಎಲ್ಲ ಕಡೆಯಿಂದಲೂ ನೇರವಾಗಿ ಹಾಯುವುದರಿಂದ ಮಸೂರದ ಅಗಲ ಉಳಿಯುತ್ತದೆ. ಆದರೆ ಗುಮ್ಮಟಕ್ಕೂ ಒಂದು ಷರತ್ತುಂಟು. ದೂರದ ಬಂಡೆಯ ಬಿಂಬವೂ ಗಾಜಿನ ಮುಂದೆ ಒಂದೆರಡು ಅಡಿಯೊಳಗೆ ಬಂದು ನಿಲ್ಲುತ್ತದೆ. ಆದುದರಿಂದ ಅಷ್ಟು ಹತ್ತಿರಕ್ಕೆ ಫೋಕಸ್ ಮಾಡಬಲ್ಲ ಮಸೂರವನ್ನೇ ಆರಿಸಬೇಕು. ಸಾಮಾನ್ಯ ವೈಡ್ ಮಸೂರಕ್ಕೆ ದೊಡ್ಡ ಗುಮ್ಮಟ ಬೇಕು, ಜೊತೆಗೆ ಅಪರ್ಚರನ್ನು ಎಫ್ 8 ಅಥವಾ ಎಫ್ 11ಕ್ಕೆ ಕಿರಿದು ಮಾಡಬೇಕು. ಇಲ್ಲವಾದರೆ ಮೂಲೆಗಳು ಮಸುಕಾಗುತ್ತವೆ. ಫಿಶ್ ಐ ಮಸೂರವು ಸಣ್ಣ ಗುಮ್ಮಟದ ಹಿಂದೆಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ನೇರ ಗೆರೆಯನ್ನು ಬಿಲ್ಲಿನಂತೆ ಬಾಗಿಸುತ್ತದೆಂಬುದು ನಿಜ. ಸಮುದ್ರದಲ್ಲಿ ಗೋಡೆಯಿಲ್ಲ, ಕಂಬವಿಲ್ಲ. ಅಲ್ಲಿ ಆ ದೋಷ ಕಾಣಿಸದು. ಕಲ್ಯಾಣಿಯ ಮೆಟ್ಟಿಲುಗಳನ್ನೋ ಈಜುಕೊಳದ ಅಂಚನ್ನೋ ತೆಗೆಯುವವನಿಗೆ ಮಾತ್ರ ಅದು ತೊಡಕು.

ಇಷ್ಟಕ್ಕೂ ಅಗಲದ ಮಸೂರವೇಕೆ? ಹೆಚ್ಚು ದೃಶ್ಯವನ್ನು ತುಂಬಿಕೊಳ್ಳುವುದಕ್ಕೆಂದು ಆ ತರುಣನು ತಿಳಿದಿದ್ದನು. ನೆಲದ ಮೇಲೆ ಅದು ಸರಿ. ನೀರಿನಲ್ಲಿ ಅಗಲದ ಮಸೂರವಿರುವುದು ವಸ್ತುವಿನ ಬಳಿಗೆ ಹೋಗುವುದಕ್ಕಾಗಿ. ನೀರು ಎಷ್ಟೇ ತಿಳಿಯಾಗಿದ್ದರೂ ಬೆಳಕನ್ನು ನುಂಗುತ್ತದೆ. ಕೆಂಪು ಬಣ್ಣವನ್ನು ಎಲ್ಲಕ್ಕಿಂತ ಮೊದಲು ನುಂಗುತ್ತದೆ. ಐದಾರು ಮೀಟರು ಇಳಿಯುವಷ್ಟರಲ್ಲಿ ಕುಂಕುಮವೂ ಮಂಕಾಗುತ್ತದೆ. ಸೂರ್ಯನಿಂದ ಬಂದ ಬೆಳಕಿನಂತೆಯೇ, ವಸ್ತುವಿನಿಂದ ಕ್ಯಾಮೆರಾಕ್ಕೆ ಬರುವ ಬೆಳಕಿಗೂ ಈ ತೆರಿಗೆ ತಪ್ಪದು. ಆದುದರಿಂದ ಚಿತ್ರಕ್ಕೂ ವಸ್ತುವಿಗೂ ನಡುವಿನ ನೀರು ಕಡಿಮೆಯಾದಷ್ಟೂ ಒಳ್ಳೆಯದು. ಎರಡಡಿ ಹತ್ತಿರದಿಂದಲೂ ಇಡೀ ಆಮೆಯನ್ನು ಚೌಕಟ್ಟಿನಲ್ಲಿ ಹಿಡಿಸಬೇಕಾದರೆ ಮಸೂರ ಅಗಲವಾಗಿರಬೇಕು. ಇದೊಂದನ್ನು ತಿಳಿದವನು ಮಿಕ್ಕ ಆಯ್ಕೆಗಳಲ್ಲಿ ಎಡವುವುದಿಲ್ಲ.

ಬೆಳಕಿನ ಮಾತೂ ಇದರಿಂದಲೇ ಹುಟ್ಟುತ್ತದೆ. ಕಳೆದುಹೋದ ಕೆಂಪನ್ನು ಮರಳಿ ತರುವುದು ಸ್ಟ್ರೋಬ್ ಎಂಬ ನೀರೊಳಗಿನ ಫ್ಲ್ಯಾಶು. ಅದರ ಪ್ರಯೋಜನ ಒಂದೂವರೆ ಮೀಟರಿನೊಳಗೆ ಮಾತ್ರ. ಅದನ್ನು ಇಡುವ ಜಾಗವೂ ಮುಖ್ಯ. ರಾತ್ರಿ ಧೂಳೆದ್ದ ಮಣ್ಣಿನ ರಸ್ತೆಯಲ್ಲಿ ಮೋಟಾರು ಸೈಕಲ್ಲಿನ ದೀಪ ಹಾಕಿದರೆ ದಾರಿಯ ಬದಲು ಧೂಳಿನ ಕಣಗಳೇ ಹೊಳೆಯುವುದನ್ನು ನೋಡಿದ್ದೇವೆ. ನೀರಿನಲ್ಲಿಯೂ ಕಣಗಳು ತೇಲುತ್ತಿರುತ್ತವೆ. ಮಸೂರದ ಪಕ್ಕದಲ್ಲಿಯೇ ದೀಪವಿದ್ದರೆ ಚಿತ್ರದ ತುಂಬ ಬಿಳಿಯ ಚುಕ್ಕಿ. ಆದುದರಿಂದ ಎರಡು ಸ್ಟ್ರೋಬುಗಳನ್ನು ಉದ್ದನೆಯ ತೋಳುಗಳ ಮೇಲೆ ಎಡಬಲಕ್ಕೆ ದೂರವಿರಿಸಿ, ಗುಮ್ಮಟಕ್ಕಿಂತ ತುಸು ಹಿಂದಕ್ಕೆ, ಸ್ವಲ್ಪ ಹೊರಮುಖವಾಗಿ ತಿರುಗಿಸಿಡುವುದು ರೂಢಿ. ನಮ್ಮ ತರುಣನ ಪಟ್ಟಿಯಲ್ಲಿ ಬೆಳಕಿನ ಸಾಧನದ ಹೆಸರೇ ಇರಲಿಲ್ಲ! ಮಸೂರದ ಮುಂದೆ ಕೆಂಪು ಫಿಲ್ಟರ್ ಹಾಕಿದರೆ ಸಾಲದೇ ಎಂದನು. ಬಿಸಿಲು ಇಳಿಯುವ ಕಡಿಮೆ ಆಳದಲ್ಲಿ ಅದು ನಡೆಯುತ್ತದೆ. ಆಳಕ್ಕೆ ಹೋದಂತೆ ಉಳಿಸಿಕೊಳ್ಳಲು ಕೆಂಪೇ ಇರುವುದಿಲ್ಲ.

ಇನ್ನು ನನ್ನ ದಂಡದ ಕಥೆ. ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರ ಕ್ಯಾಮೆರಾವನ್ನೂ ಕವಚವನ್ನೂ ಎರವಲು ಪಡೆದು ನೇತ್ರಾಣಿಗೆ ಹೋಗಿದ್ದೆನು. ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು ಹತ್ತು ನಾಟಿಕಲ್ ಮೈಲು. ಮಳೆಗಾಲದಲ್ಲಿ ಅಲ್ಲಿಗೆ ಮುಳುಗುಗಾರರು ಹೋಗುವುದಿಲ್ಲ. ಮಳೆ ಕಳೆದ ಮೇಲೆ ನೀರು ತಿಳಿಯಾಗುತ್ತದೆ. ತೂಗಾಡುವ ದೋಣಿಯಲ್ಲಿ ಕುಳಿತು ಅವಸರದಿಂದ ಕವಚವನ್ನು ಮುಚ್ಚಿದೆನು. ಅದರ ಬಾಯಿಗೆ ಓ ರಿಂಗ್ ಎಂಬ ರಬ್ಬರಿನ ಬಳೆಯಿರುತ್ತದೆ. ನಮ್ಮ ಅಡುಗೆಮನೆಯ ಕುಕ್ಕರಿನ ಗ್ಯಾಸ್ಕೆಟ್ಟಿನಂತೆಯೇ ಅದರ ಕೆಲಸ. ಒಂದು ಅಗುಳು ಸಿಕ್ಕಿಕೊಂಡರೆ ಹಬೆ ಹೊರಗೆ ಬರುವಂತೆ, ಇಲ್ಲಿ ಒಂದು ಕೂದಲು ಸಿಕ್ಕಿಕೊಂಡರೆ ನೀರು ಒಳಗೆ ಬರುತ್ತದೆ. ನನ್ನದೇ ತಲೆಗೂದಲು ಅದರಲ್ಲಿ ಸಿಕ್ಕಿತ್ತು. ಎರಡು ಮೀಟರು ಇಳಿಯುವಷ್ಟರಲ್ಲಿ ಕವಚದ ತಳದಲ್ಲಿ ಉಪ್ಪುನೀರು ತುಳುಕುತ್ತಿತ್ತು. ಆಳದಲ್ಲಿ ನೀರಿನ ಒತ್ತಡವೇ ಬಳೆಯನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಸೋರಿಕೆ ಬಹುಮಟ್ಟಿಗೆ ಮೇಲ್ಭಾಗದಲ್ಲಿಯೇ ಆಗುತ್ತದೆಂದು ಆಮೇಲೆ ತಿಳಿಯಿತು. ವಾರಂಟಿ ಕಾಗದವನ್ನು ಓದಿದಾಗ, ನೀರು ಹೊಕ್ಕು ಆದ ಹಾನಿಗೆ ತಯಾರಕರು ಹೊಣೆಯಲ್ಲವೆಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಪರರ ಪತ್ರಗಳನ್ನು ಓದಿ ಶುಲ್ಕ ಪಡೆಯುವ ನಾನು ಅದನ್ನು ಓದಿದ್ದು ಕ್ಯಾಮೆರಾ ಹಾಳಾದ ಮೇಲೆ. ಗೆಳೆಯರಿಗೆ ಹೊಸದನ್ನು ಕೊಡಿಸಿದೆನು.

ಕಾನೂನಿನ ಎರಡು ಮಾತುಗಳನ್ನೂ ಇಲ್ಲಿಯೇ ಹೇಳುವುದು ಲೇಸು. ಕೊಂಡ ವಸ್ತುವಿನಲ್ಲಿ ನಿಜವಾದ ದೋಷವಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಮಾರಿದವನ ಊರಿಗೆ ಅಲೆಯಬೇಕಾಗಿಲ್ಲ. ಆದರೆ ಬಿಲ್ಲು ಇರಬೇಕು, ಮತ್ತು ತಪ್ಪು ನಮ್ಮ ಕೂದಲಿನದಾಗಿರಬಾರದು. ಎರಡನೆಯದು, ಹವಳ. ನೇತ್ರಾಣಿಯ ಬಂಡೆಗಳ ಮೇಲೆ ಹವಳದ ಜೀವಿಗಳಿವೆ. ಬಂಡೆ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮುರಿದು ತಂದವರಿಗೆ ಕನಿಷ್ಠ ಮೂರು ವರ್ಷಗಳ ಸೆರೆವಾಸ. ಹತ್ತಿರ ಹೋಗಬೇಕೆಂದು ಮೇಲೆ ಹೇಳಿದೆನು. ಹತ್ತಿರ ಹೋಗುವವನಿಗೆ ನೀರಿನಲ್ಲಿ ಮೇಲೇಳದೆ ಕೆಳಗಿಳಿಯದೆ ನಿಲ್ಲುವ ಹದ ತಿಳಿದಿರಬೇಕು. ದೊಡ್ಡ ಕವಚ ಹಿಡಿದು ತಡವರಿಸುವವನ ಕಾಲು ತಾಗಿದರೆ ನೂರಾರು ವರ್ಷ ಬೆಳೆದದ್ದು ಒಂದು ಕ್ಷಣದಲ್ಲಿ ಮುರಿಯುತ್ತದೆ.

ಹಾಗಾದರೆ ಏನನ್ನು ಕೊಳ್ಳಬೇಕು? ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಗೋಪ್ರೋದಂತಹ ಆಕ್ಷನ್ ಕ್ಯಾಮೆರಾ. ಅದರ ನೋಟ ಹುಟ್ಟಿನಿಂದಲೇ ಅಗಲ. ಕವಚವಿಲ್ಲದೆಯೇ ಹತ್ತು ಮೀಟರಿನವರೆಗೆ ತಾಳುತ್ತದೆ. ಬಿಸಿಲಿದ್ದರೆ ವಿಡಿಯೋಗೆ ಬಹಳ ಒಳ್ಳೆಯದು. ಬೆಳಕು ಕಡಿಮೆಯಾದರೆ ಚಿತ್ರ ಕಳೆಗುಂದುತ್ತದೆ. ಎರಡನೆಯದು ಒಲಿಂಪಸ್ ಟಿಜಿ ಸಾಲಿನಂತಹ ಸಣ್ಣ ಕ್ಯಾಮೆರಾ. ತಾನಾಗಿಯೇ 15 ಮೀಟರು, ತನ್ನ ಕವಚದೊಳಗೆ 45 ಮೀಟರು ತಾಳುತ್ತದೆ. ಅದರ ಕವಚದ ಮುಂದೆ ನೀರಿನೊಳಗೇ ಹಾಕಿ ತೆಗೆಯಬಹುದಾದ ವೈಡ್ ಮಸೂರವನ್ನೂ, ಮುಂದೊಂದು ದಿನ ಸ್ಟ್ರೋಬನ್ನೂ ಸೇರಿಸಬಹುದು. ಮೂರನೆಯದು ಆ ಪಟ್ಟಿಯಲ್ಲಿದ್ದ ದೊಡ್ಡ ಕ್ಯಾಮೆರಾ. ಅದರಲ್ಲಿ ಕವಚ, ಗುಮ್ಮಟ, ಎರಡು ಸ್ಟ್ರೋಬು, ತೋಳುಗಳೆಲ್ಲ ಸೇರಿದರೆ ಕ್ಯಾಮೆರಾದ ಬೆಲೆಯೇ ಚಿಕ್ಕದಾಗಿ ಕಾಣುತ್ತದೆ. ಇನ್ನೊಂದು ತೊಡಕೆಂದರೆ, ಕವಚವನ್ನು ಒಂದೇ ಮಾದರಿಯ ಕ್ಯಾಮೆರಾಕ್ಕೆ ಅಳತೆಯಿಟ್ಟು ಮಾಡಿರುತ್ತಾರೆ. ಕ್ಯಾಮೆರಾ ಬದಲಾದರೆ ಕವಚವೂ ವ್ಯರ್ಥ. ಗುಮ್ಮಟ, ಸ್ಟ್ರೋಬುಗಳು ಹೆಚ್ಚು ಕಾಲ ಉಳಿಯುತ್ತವೆ. "ನೀರು ಹೋಗದು" ಎಂದು ಜಾಹೀರಾತು ಮಾಡುವ ಮೊಬೈಲು ಫೋನುಗಳನ್ನು ನಂಬಿ ಕಡಲಿಗಿಳಿಯಬಾರದು. ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ.

ಇಷ್ಟನ್ನೂ ಕೇಳಿದ ಮೇಲೆ ತಾಯಿ ಮೊದಲ ಬಾರಿಗೆ ಬಾಯಿ ತೆರೆದರು. "ಹಾಗಾದರೆ ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು ಸ್ವಾಮಿ?" ಎಂದರು.

"ಮೊದಲು ಅವನು ಮುಳುಗುವುದನ್ನು ಕಲಿಯಲಿ ತಾಯಿ" ಎಂದೆನು. ಮುಳುಗುವ ತರಬೇತಿಯ ಮೊದಲ ಪ್ರಮಾಣಪತ್ರ 18 ಮೀಟರಿನವರೆಗೆ ಇಳಿಯಲು ಸಾಕು. ಅದನ್ನು ಪಡೆಯುವವರೆಗೆ ಕೈಯಲ್ಲಿ ಕ್ಯಾಮೆರಾ ಇರದಿರುವುದೇ ಕ್ಷೇಮ. ಆಮೇಲೆ ಎರಡನೆಯ ಮೆಟ್ಟಿಲು. ಗುಮ್ಮಟ, ಸ್ಟ್ರೋಬುಗಳ ದೊಡ್ಡ ಜೋಡಣೆಯನ್ನು ಬಾಡಿಗೆಗೆ ತಂದು, ಅದರ ಸಂಪಾದನೆಯೇ ಅದರ ಕಂತನ್ನು ಕಟ್ಟಬಲ್ಲುದೆಂದು ಕಂಡಾಗ ಸಾಲದ ಮಾತು. ಸಾಲ ಮಾಡಬೇಡವೆಂದು ನಾನು ಹೇಳಲಿಲ್ಲ. ವೃತ್ತಿಗೆ ಬಂಡವಾಳ ಬೇಕು. ಪಟ್ಟಿಯ ಕ್ರಮ ತಲೆಕೆಳಗಾಗಿದೆಯೆಂದಷ್ಟೇ ಹೇಳಿದೆನು. ಯಾವ ಕವಚವನ್ನು ತಂದರೂ ಕ್ಯಾಮೆರಾ ಇಡದೆ, ಒಳಗೊಂದು ತೆಳು ಕಾಗದವಿಟ್ಟು, ಹೊರಗೆ ಕಲ್ಲು ಕಟ್ಟಿ ಹಗ್ಗದಿಂದ ಬಾವಿಗಿಳಿಸಿ ಅರ್ಧ ಗಂಟೆ ಬಿಟ್ಟು ನೋಡೆಂದೂ, ಕಡಲಿನಿಂದ ಬಂದೊಡನೆ ಸಿಹಿನೀರಿನಲ್ಲಿ ನೆನೆಹಾಕಿ ಗುಂಡಿಗಳನ್ನೆಲ್ಲ ಒತ್ತಿ ಉಪ್ಪನ್ನು ತೊಳೆಯೆಂದೂ ತಿಳಿಸಿದೆನು.

ಕಳೆದ ಭಾನುವಾರ ಅವನು ಮತ್ತೆ ಬಂದಿದ್ದನು. ಬಾಡಿಗೆಗೆ ತಂದ ಸಣ್ಣ ಕ್ಯಾಮೆರಾದಿಂದ ಅವರ ಹೊಲದ ಬಾವಿಯೊಳಗೆ ತೆಗೆದ ಚಿತ್ರವೊಂದನ್ನು ತೋರಿಸಿದನು. ಅಜ್ಜನ ಕಾಲದ ಕಲ್ಲುಕಟ್ಟಡ, ಹಸಿರುಗಟ್ಟಿದ ನೀರು, ಮೇಲಿನಿಂದ ಓರೆಯಾಗಿ ಬಿದ್ದ ಬಿಸಿಲಿನ ಕೋಲು, ಅದರಲ್ಲಿ ಬೆರಳುದ್ದದ ನಾಲ್ಕು ಮೀನು. ಅಂಚುಗಳು ಸ್ವಲ್ಪ ಮಸುಕಾಗಿದ್ದವು. ಮೀನುಗಳ ಹತ್ತಿರಕ್ಕೆ ಹೋಗಿಯೇ ತೆಗೆದಿದ್ದನು. ಅರ್ಜಿಯ ಕಾಗದ ಏನಾಯಿತೆಂದು ಕೇಳಿದೆನು. ಸದ್ಯಕ್ಕೆ ಅಮ್ಮನ ಪೆಟ್ಟಿಗೆಯಲ್ಲಿದೆ ಎಂದನು. ಸರ ಅವರ ಕೊರಳಲ್ಲಿಯೇ ಇದೆ. ಮಳೆಗಾಲ ಕಳೆದ ಮೇಲೆ ತರಬೇತಿಗಾಗಿ ಮುರುಡೇಶ್ವರಕ್ಕೆ ಹೋಗುತ್ತಾನಂತೆ.